ಸಿಮೇಕ್ ಪ್ಯಾಕೇಜುಗಳನ್ನು ಹುಡುಕುವ ಬಗೆ, ಅದನ್ನು ಬರೆದಿಡುವ ಬಗೆ

(ಒಂದು ಉಪನ್ಯಾಸದ ಬರಹ ರೂಪ)

ಮಾನ್ಯರೇ,

ಸಿ ಅಥವಾ ಸಿ ಪ್ಲಸ್ ಪ್ಲಸ್ ಭಾಷೆಯ ತಂತ್ರಾಂಶವೊಂದನ್ನು ಮೂಲ ಕೋಡಿನಿಂದ ಬಿಲ್ಡ್ ಮಾಡಲು, ಅಂದರೆ ಓಡುವ ರೂಪಕ್ಕೆ ತರಲು, ಕುಳಿತವರಿಗೆಲ್ಲ ಪರಿಚಿತವಾದ ಒಂದು ದೋಷಸಂದೇಶದಿಂದ ಈ ಮಾತನ್ನು ಆರಂಭಿಸುತ್ತೇನೆ. ಬೇಕಾದ ಪ್ಯಾಕೇಜಿನ (ನಮ್ಮ ತಂತ್ರಾಂಶ ಬಳಸಿಕೊಳ್ಳುವ, ಬೇರೆಡೆಯಿಂದ ಬಂದ ಸಿದ್ಧ ಕೋಡಿನ ಕಟ್ಟಿನ) ವಿವರ ತಿಳಿಸುವ ಕಾನ್ಫಿಗ್ ಕಡತ ಸಿಗಲಿಲ್ಲವೆಂದು, ಬಿಲ್ಡ್ ಅನ್ನು ಅಣಿಗೊಳಿಸುವ ಪರಿಕರವಾದ ಸಿಮೇಕ್ ಹೇಳುತ್ತದೆ. ತಾನು ಹುಡುಕಿದ ಎರಡು ಕಡತಗಳ ಹೆಸರನ್ನು ಕೊಡುತ್ತದೆ. ಪ್ಯಾಕೇಜು ಇರುವ ಜಾಗವನ್ನು ಪ್ರಿಫಿಕ್ಸ್ ಪಾತ್‌ಗೆ ಸೇರಿಸಿರಿ, ಇಲ್ಲವೇ ಕಡತವಿರುವ ಫೋಲ್ಡರನ್ನು ನೇರವಾಗಿ ತೋರಿಸಿರಿ ಎನ್ನುತ್ತದೆ. ಆ ಪ್ಯಾಕೇಜಿಗೆ ಪ್ರತ್ಯೇಕ ಡೆವಲಪ್‌ಮೆಂಟ್ ಪ್ಯಾಕೇಜು (ಬಿಲ್ಡ್ ಮಾಡುವವರಿಗೆ ಬೇಕಾದ ಕಡತಗಳಿರುವುದು) ಇದ್ದರೆ ಅದನ್ನು ಹಾಕಿಕೊಂಡಿದ್ದೀರಾ ನೋಡಿರಿ ಎಂದು ಮುಗಿಸುತ್ತದೆ. ಗಮನವಿಟ್ಟು ಓದಿದರೆ ಇದು ದೋಷಸಂದೇಶದ ರೂಪದಲ್ಲಿರುವ ಪುಟ್ಟ ಕೈಪಿಡಿಯೇ ಸರಿ. ಆದರೂ ಇದನ್ನು ಓದಿದ ಬಹುಪಾಲು ಜನ ಕೈಚೆಲ್ಲಿ ಕೂರುತ್ತಾರೆ. ಪ್ರಿಫಿಕ್ಸ್ ಎಂದರೆ ಏನು, ಸಿಮೇಕ್ ಎಲ್ಲೆಲ್ಲಿ ನೋಡಿತು, ಕಣ್ಣೆದುರಿಗೇ ಇರುವ ಪ್ಯಾಕೇಜು ಅದಕ್ಕೆ ಏಕೆ ಕಾಣಲಿಲ್ಲ ಎಂಬುದು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ಬಿಲ್ಡ್‌ಗೆ ಸಂಬಂಧಿಸಿದ ಕೈಪಿಡಿಗಳನ್ನು ಬರೆಯುವುದು ಹಲವು ವರ್ಷಗಳಿಂದ ನನ್ನ ಕೆಲಸದ ಒಂದು ಭಾಗ. ಆ ಅನುಭವದಿಂದ ನನಗೆ ದೃಢವಾಗಿರುವ ಮಾತು ಒಂದೇ: ಪ್ಯಾಕೇಜು ಹುಡುಕಾಟವನ್ನು ದಾಖಲಿಸುವವರು, ಸಿಕ್ಕಿದ ಮೇಲೆ ಯಾವ ಯಾವ ವೇರಿಯೇಬಲ್‌ಗಳು (ಮೌಲ್ಯವನ್ನು ಹಿಡಿದಿಡುವ ಹೆಸರುಗಳು) ದೊರೆಯುತ್ತವೆ ಎಂಬ ಪಟ್ಟಿಗಿಂತ ಮೊದಲು, ಹುಡುಕಾಟ ಯಾವ ಕ್ರಮದಲ್ಲಿ ನಡೆಯುತ್ತದೆ ಮತ್ತು ಸಿಕ್ಕಿದ್ದನ್ನು ಯಾವ ಕಾರಣಕ್ಕೆ ತಿರಸ್ಕರಿಸಲಾಗುತ್ತದೆ ಎಂಬೆರಡನ್ನು ಬರೆಯಬೇಕು. ಕೈಪಿಡಿಯನ್ನು ತೆರೆಯುವವರು ಎಲ್ಲವೂ ಸರಿಯಾಗಿ ನಡೆದಾಗ ಅದನ್ನು ತೆರೆಯುವುದಿಲ್ಲ. ಬಿಲ್ಡ್ ನಿಂತುಹೋದಾಗ, ಅಥವಾ ಇನ್ನೂ ಕಷ್ಟದ ಸಂದರ್ಭದಲ್ಲಿ, ಬಿಲ್ಡ್ ಮುಗಿದೂ ತಂತ್ರಾಂಶ ತಪ್ಪಾಗಿ ವರ್ತಿಸಿದಾಗ ತೆರೆಯುತ್ತಾರೆ.

ಸಿಮೇಕ್ ಹುಟ್ಟಿದ್ದು 2000ರಲ್ಲಿ, ಅಮೆರಿಕದ ಕಿಟ್‌ವೇರ್ ಸಂಸ್ಥೆಯಲ್ಲಿ. ಅಲ್ಲಿನ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್‌ನ ನೆರವಿನಿಂದ ರೂಪುಗೊಳ್ಳುತ್ತಿದ್ದ, ವೈದ್ಯಕೀಯ ಚಿತ್ರಗಳನ್ನು ಸಂಸ್ಕರಿಸುವ ಐಟಿಕೆ ಎಂಬ ತಂತ್ರಾಂಶವನ್ನು ಹಲವು ಬಗೆಯ ಯಂತ್ರಗಳಲ್ಲಿ ಒಂದೇ ರೀತಿಯಲ್ಲಿ ಬಿಲ್ಡ್ ಮಾಡಬೇಕೆಂಬ ಅಗತ್ಯ ಅದರ ಹಿಂದಿತ್ತು. ಡೆಸ್ಕ್‌ಟಾಪ್ ತಂತ್ರಾಂಶಗಳನ್ನು ರೂಪಿಸುವ ಕೆಡಿಇ ಬಳಗ 2006ರಲ್ಲಿ ತನ್ನ ನಾಲ್ಕನೆಯ ಆವೃತ್ತಿಗಾಗಿ ಇದನ್ನು ಆರಿಸಿಕೊಂಡ ಮೇಲೆ ಇದರ ಬಳಕೆ ಬಹಳ ವಿಸ್ತಾರಗೊಂಡಿತು. ಪೈಥಾನ್ ಅಥವಾ ರಸ್ಟ್ ಭಾಷೆಗಳಿಗೆ ಇರುವಂತೆ ಸಿ ಪ್ಲಸ್ ಪ್ಲಸ್ ಭಾಷೆಗೆ ಎಲ್ಲರೂ ಒಪ್ಪಿದ ಒಂದೇ ಪ್ಯಾಕೇಜು ಭಂಡಾರವಿಲ್ಲ. ಒಂದೇ ಲೈಬ್ರರಿ, ಅಂದರೆ ಬೇರೆ ತಂತ್ರಾಂಶಗಳು ಬಳಸಿಕೊಳ್ಳುವ ಸಿದ್ಧ ಕೋಡು, ಲಿನಕ್ಸ್ ವಿತರಣೆಯಿಂದ ಬಂದಿರಬಹುದು, ಕೈಯಾರೆ ಬಿಲ್ಡ್ ಮಾಡಿ ಬೇರೆ ಕಡೆ ಹಾಕಿದ್ದಿರಬಹುದು, ಮತ್ತಾವುದೋ ತಂತ್ರಾಂಶದ ಜೊತೆಯಲ್ಲಿ ಹೇಳದೆ ಕೇಳದೆ ಬಂದು ಕುಳಿತಿರಬಹುದು. ಹೀಗಾಗಿ ಹುಡುಕಾಟ ಎಂಬುದು ಇಲ್ಲಿ ಅನಿವಾರ್ಯ.

ಈ ಹುಡುಕಾಟಕ್ಕೆ ಸಿಮೇಕ್‌ನಲ್ಲಿರುವ ಆದೇಶದ ಹೆಸರು ಫೈಂಡ್ ಪ್ಯಾಕೇಜ್. ಅದು ಎರಡು ವಿಧಾನಗಳಲ್ಲಿ ಕೆಲಸ ಮಾಡುತ್ತದೆ. ಮೊದಲನೆಯದು ಮಾಡ್ಯೂಲ್ ವಿಧಾನ. ಇಲ್ಲಿ ಪ್ಯಾಕೇಜನ್ನು ಹುಡುಕುವ ತಿಳಿವಳಿಕೆ ಹುಡುಕುವವರ ಬಳಿ ಇರುತ್ತದೆ: ಫೈಂಡ್ ಎಂಬ ಪದದ ಮುಂದೆ ಪ್ಯಾಕೇಜಿನ ಹೆಸರನ್ನು ಸೇರಿಸಿದ ಒಂದು ಕಡತ ಇರುತ್ತದೆ, ಅದನ್ನು ನಮ್ಮ ಯೋಜನೆಯೇ ಬರೆದುಕೊಂಡಿರುತ್ತದೆ ಅಥವಾ ಸಿಮೇಕ್ ತನ್ನೊಂದಿಗೆ ತಂದಿರುತ್ತದೆ. ಎರಡನೆಯದು ಕಾನ್ಫಿಗ್ ವಿಧಾನ. ಇಲ್ಲಿ ಪ್ಯಾಕೇಜೇ ತನ್ನ ಪರಿಚಯಪತ್ರವನ್ನು ತನ್ನ ಜೊತೆ ಇಟ್ಟುಕೊಂಡಿರುತ್ತದೆ, ಸಿಮೇಕ್ ಆ ಪತ್ರವನ್ನು ಪತ್ತೆಹಚ್ಚಿ ಓದಿದರೆ ಸಾಕು. ಏನನ್ನೂ ಸ್ಪಷ್ಟಪಡಿಸದಿದ್ದರೆ ಮೊದಲು ಮಾಡ್ಯೂಲ್ ವಿಧಾನ, ಅದು ಇಲ್ಲವಾದರೆ ಕಾನ್ಫಿಗ್ ವಿಧಾನ. ಈ ಕ್ರಮವನ್ನು ತಿರುವುಮುರುವು ಮಾಡುವ ವೇರಿಯೇಬಲ್ 3.15ರ ಆವೃತ್ತಿಯಲ್ಲಿ ಬಂದಿತು.

ತಿಳಿವಳಿಕೆ ಯಾರ ಬಳಿ ಇದೆ ಎಂಬುದು ಸಣ್ಣ ಸಂಗತಿಯಂತೆ ಕಂಡರೂ ಎಲ್ಲ ತೊಡಕುಗಳ ಬೇರು ಅಲ್ಲಿದೆ. ಬೂಸ್ಟ್ ಎಂಬ ಪ್ರಸಿದ್ಧ ಸಿ ಪ್ಲಸ್ ಪ್ಲಸ್ ಲೈಬ್ರರಿ ಸಮೂಹವನ್ನು ನೋಡಿರಿ. ಅದನ್ನು ಹುಡುಕುವ ಮಾಡ್ಯೂಲ್ ಬಹುಕಾಲ ಸಿಮೇಕ್ ಜೊತೆಗೇ ಬರುತ್ತಿತ್ತು, ಬೂಸ್ಟ್‌ನ ಯಾವ ಭಾಗ ಯಾವ ಭಾಗವನ್ನು ಅವಲಂಬಿಸಿದೆ ಎಂಬ ಪಟ್ಟಿಯನ್ನು ಆವೃತ್ತಿವಾರು ತನ್ನೊಳಗೆ ಬರೆದಿಟ್ಟುಕೊಂಡಿತ್ತು. ಬೂಸ್ಟ್ ಹೊಸ ಆವೃತ್ತಿಯನ್ನು ಹೊರತಂದಾಗ ಹಳೆಯ ಸಿಮೇಕ್ ಬಳಸುವವರಿಗೆ, ಈ ಆವೃತ್ತಿ ಹೊಸದಾದ್ದರಿಂದ ಅವಲಂಬನೆಗಳ ವಿವರ ತಪ್ಪಿರಬಹುದು ಎಂಬ ಎಚ್ಚರಿಕೆ ಕಾಣುತ್ತಿತ್ತು. ತಮ್ಮ ಕೋಡಿನಲ್ಲೇ ದೋಷವಿದೆಯೆಂದು ಎಷ್ಟೋ ಜನ ಗಾಬರಿಯಾಗುತ್ತಿದ್ದರು. ನಿಜದಲ್ಲಿ ಆಗಿದ್ದದ್ದು ಇಷ್ಟೇ: ಹುಡುಕುವವರ ಕಿಸೆಯಲ್ಲಿದ್ದ ಚೀಟಿ ಹಳತಾಗಿತ್ತು. ಬೂಸ್ಟ್ 1.70ರಿಂದ ತನ್ನ ಕಾನ್ಫಿಗ್ ಕಡತವನ್ನು ತಾನೇ ಕೊಡತೊಡಗಿತು. ಸಿಮೇಕ್ ತನ್ನ 3.30ರ ಆವೃತ್ತಿಯಲ್ಲಿ, ಹೊಸ ನೀತಿಯನ್ನು ಒಪ್ಪಿಕೊಂಡ ಯೋಜನೆಗಳ ಮಟ್ಟಿಗೆ, ಆ ಹಳೆಯ ಮಾಡ್ಯೂಲನ್ನು ಕೈಬಿಟ್ಟಿತು.

ಮಾಡ್ಯೂಲ್ ವಿಧಾನದ ಇನ್ನೊಂದು ಅಪಾಯವನ್ನು ಕೈಪಿಡಿಗಳು ಸಾಕಷ್ಟು ಒತ್ತಿ ಹೇಳುವುದಿಲ್ಲ. ಇಂಥ ಮಾಡ್ಯೂಲ್‌ಗಳು ಸಾಮಾನ್ಯವಾಗಿ ಹೆಡರ್ ಕಡತವನ್ನು (ಲೈಬ್ರರಿಯಲ್ಲಿ ಏನೇನಿದೆ ಎಂದು ಕಂಪೈಲರಿಗೆ ತಿಳಿಸುವ ಕಡತ) ಒಮ್ಮೆ, ಲೈಬ್ರರಿ ಕಡತವನ್ನು ಇನ್ನೊಮ್ಮೆ, ಬೇರೆ ಬೇರೆಯಾಗಿ ಹುಡುಕುತ್ತವೆ. ಆವೃತ್ತಿ ಸಂಖ್ಯೆಯನ್ನು ಹಲವು ಮಾಡ್ಯೂಲ್‌ಗಳು ಹೆಡರ್ ಕಡತದೊಳಗಿನ ಸಾಲಿನಿಂದ ಓದಿಕೊಳ್ಳುತ್ತವೆ. ದತ್ತಾಂಶವನ್ನು ಕುಗ್ಗಿಸುವ ಜಿಲಿಬ್ ಲೈಬ್ರರಿಯನ್ನು ಹುಡುಕುವ ಮಾಡ್ಯೂಲ್ ಮಾಡುವುದು ಇದನ್ನೇ. ಒಂದು ಯಂತ್ರದಲ್ಲಿ ಅದೇ ಲೈಬ್ರರಿಯ ಎರಡು ಪ್ರತಿಗಳಿದ್ದು, ಹೆಡರ್ ಹೊಸ ಪ್ರತಿಯಿಂದಲೂ ಲೈಬ್ರರಿ ಹಳೆಯ ಪ್ರತಿಯಿಂದಲೂ ಸಿಕ್ಕಿದರೆ, ಸಿಮೇಕ್ ಹೊಸ ಆವೃತ್ತಿ ಸಿಕ್ಕಿತೆಂದು ಪ್ರಕಟಿಸಿ ಹಳೆಯ ಲೈಬ್ರರಿಯೊಂದಿಗೆ ಕೊಂಡಿ ಹಾಕುತ್ತದೆ. ಸಂದೇಶದಲ್ಲಿ ಸುಳ್ಳಿಲ್ಲ, ಆದರೆ ಅರ್ಧ ಮಾತ್ರ ನಿಜವಿದೆ. ಆದ್ದರಿಂದ ಮಾಡ್ಯೂಲ್‌ನ ದಾಖಲೆಯಲ್ಲಿ ಆವೃತ್ತಿಯನ್ನು ಎಲ್ಲಿಂದ ಓದಲಾಗುತ್ತದೆ ಎಂಬ ಒಂದು ವಾಕ್ಯ ಇರಲೇಬೇಕೆಂದು ನಾನು ಪಟ್ಟು ಹಿಡಿಯುತ್ತೇನೆ.

ಈಗ ಕಾನ್ಫಿಗ್ ವಿಧಾನದ ಹುಡುಕಾಟದ ಕ್ರಮಕ್ಕೆ ಬರೋಣ. ಇದು ಈ ವಿಷಯದ ಹೃದಯಭಾಗ, ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಪ್ರಿಫಿಕ್ಸ್ ಎಂದರೆ ಒಂದು ತಂತ್ರಾಂಶವನ್ನು ಸ್ಥಾಪಿಸಿದ ಬುಡದ ಫೋಲ್ಡರು. ಅದರ ಕೆಳಗೆ ಬಿನ್, ಲಿಬ್, ಇನ್‌ಕ್ಲೂಡ್, ಶೇರ್ ಎಂಬ ಕವಲುಗಳು ಇರುತ್ತವೆ. ಸಿಮೇಕ್ ಮೊದಲು ಪ್ರಿಫಿಕ್ಸ್‌ಗಳ ಒಂದು ಸಾಲನ್ನು ಸಿದ್ಧಪಡಿಸಿಕೊಂಡು, ಪ್ರತಿಯೊಂದರ ಕೆಳಗೂ ಗೊತ್ತಾದ ಕೆಲವು ಕವಲುಗಳನ್ನು ಇಣುಕಿ ನೋಡುತ್ತದೆ. ಸಾಲಿನ ತಲೆಯಲ್ಲಿ ನಿಲ್ಲುವುದು ಪ್ಯಾಕೇಜಿನ ಹೆಸರಿನೊಂದಿಗೆ ರೂಟ್ ಎಂದು ಸೇರಿಸಿ ನಾವು ಕೊಡುವ ಜಾಗ, ಇದು 3.12ರಿಂದ ದೊರೆತ ಸೌಲಭ್ಯ. ಆಮೇಲೆ ಸಿಮೇಕ್‌ಗೆ ಕೊಟ್ಟ ಪ್ರಿಫಿಕ್ಸ್ ಪಾತ್, ಅನಂತರ ಅದೇ ಹೆಸರಿನ ಎನ್ವಿರಾನ್‌ಮೆಂಟ್ ವೇರಿಯೇಬಲ್ (ಸಿಮೇಕ್‌ನ ಹೊರಗೆ, ಯಂತ್ರದ ಪರಿಸರದಲ್ಲಿ ಇಟ್ಟ ಮೌಲ್ಯ), ಆದೇಶದಲ್ಲೇ ಬರೆದ ಸುಳಿವುಗಳು, ಬಳಕೆದಾರರ ಶೆಲ್‌ನಲ್ಲಿರುವ (ಆದೇಶಗಳನ್ನು ಟೈಪಿಸುವ ಕಿಟಕಿಯಲ್ಲಿರುವ) ಪಾತ್, ಬಳಕೆದಾರರ ಮನೆ ಫೋಲ್ಡರಿನಲ್ಲಿರುವ ಪ್ಯಾಕೇಜು ನೋಂದಣಿ, ಇವೆಲ್ಲ ಮುಗಿದ ಮೇಲೆ ವ್ಯವಸ್ಥೆಯ ಮಾಮೂಲು ಜಾಗಗಳು.

ಶೆಲ್‌ನ ಪಾತ್ ಇರುವ ಸ್ಥಾನವನ್ನು ಮತ್ತೊಮ್ಮೆ ಗಮನಿಸಬೇಕೆಂದು ಕೋರುತ್ತೇನೆ. ಆದೇಶಗಳನ್ನು ಪತ್ತೆಹಚ್ಚಲು ಇರುವ ಪಾತ್‌ನಲ್ಲಿ ಯಾವುದಾದರೂ ಬಿನ್ ಫೋಲ್ಡರ್ ಇದ್ದರೆ, ಸಿಮೇಕ್ ಆ ಬಿನ್ ಅನ್ನು ಕಳಚಿ ಅದರ ತಾಯಿ ಫೋಲ್ಡರನ್ನು ಒಂದು ಪ್ರಿಫಿಕ್ಸ್ ಎಂದು ಪರಿಗಣಿಸುತ್ತದೆ, ಅದೂ ವ್ಯವಸ್ಥೆಯ ಮಾಮೂಲು ಜಾಗಗಳಿಗಿಂತ ಮೊದಲು. ನಾನಿದ್ದ ಒಂದು ತಂಡದಲ್ಲಿ ಹೊಸದಾಗಿ ಸೇರಿದ ಎಂಜಿನಿಯರ್ ಒಬ್ಬರು ನಮ್ಮ ಕೈಪಿಡಿಯ ಪ್ರತಿ ಹೆಜ್ಜೆಯನ್ನೂ ಚಾಚೂ ತಪ್ಪದೆ ಅನುಸರಿಸಿದರು. ಅವರ ಬಿಲ್ಡ್ ಒಂದೂ ಎಚ್ಚರಿಕೆಯಿಲ್ಲದೆ ಮುಗಿಯಿತು, ತಂತ್ರಾಂಶ ಮಾತ್ರ ಆರಂಭವಾದೊಡನೆ ಬಿದ್ದುಹೋಗುತ್ತಿತ್ತು. ಎರಡು ದಿನ ಎಲ್ಲರೂ ಅವರ ಕೋಡನ್ನೇ ಜರಡಿ ಹಿಡಿದೆವು. ದತ್ತಾಂಶ ವಿಶ್ಲೇಷಣೆಗೆಂದು ಅವರು ಹಿಂದೆ ಹಾಕಿಕೊಂಡಿದ್ದ ಪೈಥಾನ್ ಪರಿಕರಗಳ ಕಂತೆಯೊಂದರ ಬಿನ್ ಫೋಲ್ಡರ್ ಅವರ ಪಾತ್‌ನ ಮೊದಲಲ್ಲೇ ಇತ್ತು, ಆ ಕಂತೆಯೊಳಗೆ ನಮಗೆ ಬೇಕಾದ ಲೈಬ್ರರಿಯ ಹಳೆಯ ಪ್ರತಿಯೂ ಅದರ ಕಾನ್ಫಿಗ್ ಕಡತವೂ ಇದ್ದವು. ನಮ್ಮ ಕೈಪಿಡಿ ಪ್ಯಾಕೇಜನ್ನು ಹೇಗೆ ಸ್ಥಾಪಿಸಬೇಕೆಂದು ಹೇಳಿತ್ತು. ಸ್ಥಾಪಿಸಿದ್ದು ಯಾವ ಪೈಪೋಟಿಯಲ್ಲಿ ಗೆಲ್ಲಬೇಕೆಂದು ಹೇಳಿರಲಿಲ್ಲ. ಆ ಪುಟವನ್ನು ಬರೆದಿದ್ದವನು ನಾನು. ಆ ಎಂಜಿನಿಯರ್ ತಮ್ಮದೇನೋ ತಪ್ಪಿರಬೇಕೆಂದು ಎರಡು ದಿನ ಕೊರಗಿದ್ದು ನನಗೆ ಇಂದಿಗೂ ನೋವಿನ ನೆನಪು. ಪಾತ್ ಆಧಾರಿತ ಈ ಹಂತವನ್ನು ಆದೇಶದ ಆಯ್ಕೆಯೊಂದರಿಂದ ಕೈಬಿಡಬಹುದು, 3.16ರಿಂದ ಇಡೀ ಯೋಜನೆಗೇ ಅನ್ವಯಿಸುವ ವೇರಿಯೇಬಲ್ ಕೂಡ ಇದೆ. ಆದರೆ ಹಂತ ಇದೆಯೆಂಬುದೇ ತಿಳಿಯದವರು ಅದನ್ನು ಕೈಬಿಡುವುದು ಹೇಗೆ?

ಇನ್ನು ಪರಿಶೀಲನೆಯ ವಿಷಯ. ಕಾನ್ಫಿಗ್ ಕಡತ ಸಿಕ್ಕ ಕೂಡಲೇ ಸಿಮೇಕ್ ಅದನ್ನು ಒಪ್ಪಿಕೊಳ್ಳುವುದಿಲ್ಲ. ಪಕ್ಕದಲ್ಲೇ ಆವೃತ್ತಿ ಕಡತವೊಂದು ಇದೆಯೇ ಎಂದು ನೋಡಿ, ಇದ್ದರೆ ಮೊದಲು ಅದನ್ನು ಓಡಿಸುತ್ತದೆ. ನಮ್ಮ ಯೋಜನೆ ಕೇಳಿದ ಆವೃತ್ತಿ ಯಾವುದೆಂದು ಆ ಕಡತಕ್ಕೆ ತಿಳಿಸಲಾಗುತ್ತದೆ. ತಾನು ಹೊಂದುತ್ತೇನೆ, ಹೊಂದುವುದಿಲ್ಲ, ಅಥವಾ ಈ ಯಂತ್ರಕ್ಕೆ ತಾನು ತಕ್ಕುದೇ ಅಲ್ಲ ಎಂದು ಆ ಕಡತ ಉತ್ತರಿಸುತ್ತದೆ. ನಾವು ನಿರ್ದಿಷ್ಟ ಆವೃತ್ತಿಯನ್ನು ಕೇಳಿದ್ದು ಆವೃತ್ತಿ ಕಡತವೇ ಇಲ್ಲದಿದ್ದರೆ, ಆ ಪ್ಯಾಕೇಜು ಯಾವ ಕೋರಿಕೆಗೂ ಹೊಂದುವುದಿಲ್ಲವೆಂದು ಭಾವಿಸಲಾಗುತ್ತದೆ. ಪ್ಯಾಕೇಜು ಕಣ್ಣೆದುರಿಗೇ ಇದ್ದೂ ಸಿಗಲಿಲ್ಲವೆಂದು ಸಿಮೇಕ್ ಹೇಳುವ ಪ್ರಸಂಗಗಳಲ್ಲಿ ಕೆಲವಕ್ಕೆ ಇದೇ ಕಾರಣ.

ಹೊಂದುವುದು ಎಂದರೇನು ಎಂಬುದನ್ನು ನಿರ್ಧರಿಸುವ ಹಕ್ಕು ಇಲ್ಲಿ ಪ್ಯಾಕೇಜಿನದೇ ಎಂಬುದು ಬಹಳ ಮುಖ್ಯ. ಆವೃತ್ತಿ ಕಡತವನ್ನು ಸಿದ್ಧಪಡಿಸಿಕೊಡಲು ಸಿಮೇಕ್‌ನಲ್ಲಿ ಒಂದು ಸಹಾಯಕ ಆದೇಶವಿದೆ, ಅದು ನಾಲ್ಕು ನಿಯಮಗಳಲ್ಲಿ ಒಂದನ್ನು ಆರಿಸಿಕೊಳ್ಳಲು ಹೇಳುತ್ತದೆ: ಕೇಳಿದ್ದಕ್ಕಿಂತ ಹೊಸದು ಯಾವುದಾದರೂ ಸರಿ, ಮೊದಲ ಅಂಕಿ ಒಂದೇ ಆಗಿರಬೇಕು, ಮೊದಲ ಎರಡು ಅಂಕಿಗಳು ಒಂದೇ ಆಗಿರಬೇಕು, ಸರಿಯಾಗಿ ಅದೇ ಆವೃತ್ತಿ ಇರಬೇಕು. ಮೊದಲ ನಿಯಮವನ್ನು ಆರಿಸಿದ ಲೈಬ್ರರಿಯ 2.3ನ್ನು ಕೇಳಿದವರಿಗೆ 5.0 ಸಿಕ್ಕರೂ ಸಿಮೇಕ್ ಸಮ್ಮತಿಸುತ್ತದೆ. ಎರಡನೆಯ ನಿಯಮದ ಲೈಬ್ರರಿಯಾದರೆ 3.0ನ್ನು ಕೂಡ ತಳ್ಳಿಹಾಕುತ್ತದೆ. ಕೋರಿಕೆಯ ಸಾಲು ಎರಡೂ ಕಡೆ ಒಂದೇ ತೆರನಾಗಿದ್ದರೂ ಫಲ ಬೇರೆ. ಇದಕ್ಕಾಗಿಯೇ, ಲೈಬ್ರರಿಯನ್ನು ಹೊರತರುವವರು ತಾವು ಯಾವ ನಿಯಮವನ್ನು ಆರಿಸಿದ್ದೇವೆಂದು ತಮ್ಮ ದಾಖಲೆಯ ಮೊದಲ ಪುಟದಲ್ಲೇ ಬರೆಯಬೇಕು. ಬರೆಯುವವರು ನನ್ನ ಕಣ್ಣಿಗೆ ಬಿದ್ದಿರುವುದು ವಿರಳ. 3.19ರಿಂದ ಆವೃತ್ತಿಗಳ ವ್ಯಾಪ್ತಿಯನ್ನೇ ಕೇಳುವ ಅವಕಾಶವಿದೆ, ಆದರೆ ಅದಕ್ಕೂ ಉತ್ತರ ಕೊಡಬೇಕಾದದ್ದು ಅದೇ ಕಡತ.

ಅದೇ ಸಹಾಯಕ ಆದೇಶ ಇನ್ನೊಂದು ಒಳ್ಳೆಯ ಕೆಲಸ ಮಾಡುತ್ತದೆ. ಪ್ಯಾಕೇಜು 32 ಬಿಟ್‌ನದಾಗಿದ್ದು ನಮ್ಮ ಬಿಲ್ಡ್ 64 ಬಿಟ್‌ನದಾಗಿದ್ದರೆ ಅದನ್ನು ತಕ್ಕುದಲ್ಲವೆಂದು ಸಾರಿ, ಆವೃತ್ತಿ ಸಂಖ್ಯೆಯ ಪಕ್ಕದಲ್ಲೇ ಆವರಣದೊಳಗೆ 32 ಬಿಟ್ ಎಂದು ಬರೆದಿಡುತ್ತದೆ. ಪರಿಶೀಲಿಸಿ ತಿರಸ್ಕರಿಸಿದ ಕಡತಗಳನ್ನು ಆವೃತ್ತಿಯ ಸಮೇತ ಪಟ್ಟಿಮಾಡುವ ದೋಷಸಂದೇಶದಲ್ಲಿ ಆ ಪುಟ್ಟ ಟಿಪ್ಪಣಿ ಕಾಣುತ್ತದೆ. ತಿರಸ್ಕಾರದ ಕಾರಣವನ್ನು ತಿರಸ್ಕಾರದ ಜಾಗದಲ್ಲೇ ಬರೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ತೋರುವುದಿಲ್ಲ.

ಈ ಪರಿಶೀಲನೆಯ ಮಿತಿಯನ್ನೂ ಅಷ್ಟೇ ಸ್ಪಷ್ಟವಾಗಿ ಬರೆಯಬೇಕು. ಆವೃತ್ತಿ ಕಡತವೂ ಕಾನ್ಫಿಗ್ ಕಡತವೂ ಸಿಮೇಕ್ ಭಾಷೆಯ ಕೋಡ್. ನಮ್ಮ ಬಿಲ್ಡ್‌ನ ಒಳಗೆ ಅವು ಓಡುತ್ತವೆ. ಪ್ಯಾಕೇಜನ್ನು ಯಾರಾದರೂ ತಿದ್ದಿದ್ದಾರೆಯೇ, ಅದು ಮೂಲ ಕರ್ತೃಗಳಿಂದಲೇ ಬಂದಿದೆಯೇ ಎಂಬುದನ್ನು ಫೈಂಡ್ ಪ್ಯಾಕೇಜ್ ಪರೀಕ್ಷಿಸುವುದಿಲ್ಲ. ಜಾಲದಿಂದ ಇಳಿಸಿಕೊಳ್ಳುವ ಮೂಲಗಳಿಗೆ ಹ್ಯಾಶ್ (ಕಡತದ ಒಳಗನ್ನು ಆಧರಿಸಿ ಲೆಕ್ಕಹಾಕಿದ ಗುರುತು) ಹೊಂದಿಸಿ ನೋಡುವ ಸೌಲಭ್ಯ ಸಿಮೇಕ್‌ನ ಬೇರೆ ಭಾಗದಲ್ಲಿದೆ, ಈಗಾಗಲೇ ಯಂತ್ರದಲ್ಲಿರುವ ಪ್ಯಾಕೇಜಿಗೆ ಅದು ಅನ್ವಯಿಸುವುದಿಲ್ಲ. ಲೈಬ್ರರಿ ನಿಜವಾಗಿಯೂ ಕೆಲಸ ಮಾಡುತ್ತದೆಯೇ ಎಂದು ತಿಳಿಯಬೇಕಾದರೆ, 1991ರಲ್ಲಿ ಆರಂಭವಾದ ಆಟೋಕಾನ್ಫ್ ಎಂಬ ಹಳೆಯ ಬಿಲ್ಡ್ ಪರಿಕರ ರೂಢಿಗೆ ತಂದ ಹಾದಿ ಇದೆ: ಒಂದು ಪುಟ್ಟ ಕಾರ್ಯಕ್ರಮವನ್ನು ಬರೆದು ಕಂಪೈಲ್ ಮಾಡಿ ನೋಡುವುದು. ಸಿಮೇಕ್‌ನಲ್ಲೂ ಅದಕ್ಕೆ ಆದೇಶಗಳಿವೆ. ಪರಿಶೀಲಿಸಲಾಗಿದೆ ಎಂಬ ಪದವನ್ನು ಕೈಪಿಡಿಯಲ್ಲಿ ಬಳಸುವಾಗ, ಕೇಳಿ ತಿಳಿದುಕೊಂಡದ್ದೋ ಪ್ರಯೋಗಿಸಿ ತಿಳಿದುಕೊಂಡದ್ದೋ ಎಂಬುದನ್ನು ಬಿಡಿಸಿ ಹೇಳದಿದ್ದರೆ ಓದುಗರು ಇಲ್ಲದ ಭರವಸೆಯನ್ನು ನಂಬಿ ಕೂರುತ್ತಾರೆ.

ಒಮ್ಮೆ ಸಿಕ್ಕಿದ್ದನ್ನು ಸಿಮೇಕ್ ಬಿಲ್ಡ್ ಫೋಲ್ಡರಿನ ಕ್ಯಾಶ್ ಕಡತದಲ್ಲಿ ನೆನಪಿಟ್ಟುಕೊಳ್ಳುತ್ತದೆ. ಸಿಗದಿದ್ದರೆ ಮುಂದಿನ ಸಲ ಮತ್ತೆ ಹುಡುಕುತ್ತದೆ, ಸಿಕ್ಕಿದ್ದರೆ ಹುಡುಕುವುದಿಲ್ಲ. ಪಾತ್ ಸರಿಪಡಿಸಿದ ಮೇಲೂ ಹಳೆಯ ಲೈಬ್ರರಿಯೇ ಅಂಟಿಕೊಂಡಿರುವುದಕ್ಕೆ ಕಾರಣ ಈ ನೆನಪು. ಕ್ಯಾಶ್ ಅಳಿಸಿ ಹೊಸದಾಗಿ ಆರಂಭಿಸುವ ಫ್ರೆಶ್ ಆಯ್ಕೆ 3.24ರಲ್ಲಿ ಬಂದಿದೆ.

ಕನ್ನಡದ ಕೆಲಸಕ್ಕೆ ನೇರವಾಗಿ ತಟ್ಟುವ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಮುದ್ರಿತ ಪುಟಗಳಿಂದ ಅಕ್ಷರಗಳನ್ನು ಗುರುತಿಸುವ ಟೆಸೆರಾಕ್ಟ್ ತಂತ್ರಾಂಶಕ್ಕೆ ಕನ್ನಡದ ಮಾದರಿಯೂ ಇದೆ. ಹೊಸ ಫಾಂಟಿಗೆ ಅಥವಾ ಹಳೆಯ ಪುಸ್ತಕಗಳ ಅಚ್ಚಿಗೆ ಅದನ್ನು ತರಬೇತುಗೊಳಿಸಬೇಕೆನ್ನುವವರಿಗೆ ಅದರ ತರಬೇತಿ ಉಪಕರಣಗಳು ಬೇಕು. ಪಠ್ಯವನ್ನು ಚಿತ್ರವಾಗಿ ಮೂಡಿಸುವ ಉಪಕರಣ ಪ್ಯಾಂಗೊ ಲೈಬ್ರರಿಯನ್ನು ಅವಲಂಬಿಸಿದೆ. ನಮ್ಮ ಒತ್ತಕ್ಷರಗಳು ಸರಿಯಾದ ಜಾಗದಲ್ಲಿ ಕೂರುವುದು ಅದರಿಂದಲೇ. ಪ್ಯಾಂಗೊ ಸಿಗದಿದ್ದರೂ ಟೆಸೆರಾಕ್ಟ್‌ನ ಮುಖ್ಯ ಭಾಗ ಬಿಲ್ಡ್ ಆಗುತ್ತದೆ, ಆ ಉಪಕರಣ ಮಾತ್ರ ತಯಾರಾಗುವುದಿಲ್ಲ. ಐಚ್ಛಿಕ ಪ್ಯಾಕೇಜುಗಳ ಗುಣವೇ ಇದು: ಇಲ್ಲದಿದ್ದರೆ ಬಿಲ್ಡ್ ನಿಲ್ಲುವುದಿಲ್ಲ, ನೂರಾರು ಸಾಲುಗಳ ನಡುವೆ ಒಂದು ಸಾಲು ಸರಿದುಹೋಗುತ್ತದೆ. ಇಂಗ್ಲಿಷ್ ಪಠ್ಯವನ್ನು ಗುರುತಿಸಲಷ್ಟೇ ಬಯಸಿದವರಿಗೆ ಆ ಸಾಲು ಮುಖ್ಯವಲ್ಲ, ಕನ್ನಡ ತರಬೇತಿಗೆ ಕುಳಿತವರಿಗೆ ಅದೇ ಮುಖ್ಯ.

ಇದಕ್ಕೆ ಸಿಮೇಕ್‌ನಲ್ಲಿ ಉತ್ತರವಿದೆ, ಬಳಸುವವರು ಕಡಿಮೆ. ಫೀಚರ್ ಸಮ್ಮರಿ ಎಂಬ ಮಾಡ್ಯೂಲ್ ಬಳಸಿದರೆ ಪ್ರತಿ ಪ್ಯಾಕೇಜಿಗೂ ಅದು ಕಡ್ಡಾಯವೋ, ಇದ್ದರೆ ಒಳ್ಳೆಯದೋ, ಐಚ್ಛಿಕವೋ ಎಂಬುದರ ಜೊತೆಗೆ ಅದರ ಉದ್ದೇಶವನ್ನೂ ಒಂದು ವಾಕ್ಯದಲ್ಲಿ ಬರೆದಿಡಬಹುದು, ಹುಡುಕಾಟದ ಕೊನೆಯಲ್ಲಿ ಸಿಕ್ಕಿದವುಗಳ ಮತ್ತು ಸಿಗದವುಗಳ ಪಟ್ಟಿ ಆ ವಾಕ್ಯಗಳೊಂದಿಗೆ ತೆರೆಯ ಮೇಲೆ ಬರುತ್ತದೆ. ಪ್ಯಾಂಗೊ ಸಿಗಲಿಲ್ಲ ಎಂಬುದಕ್ಕೂ, ಪ್ಯಾಂಗೊ ಸಿಗಲಿಲ್ಲ, ತರಬೇತಿ ಚಿತ್ರಗಳನ್ನು ಮೂಡಿಸಲು ಅದು ಬೇಕು ಎಂಬುದಕ್ಕೂ ಇರುವ ಅಂತರ ದೊಡ್ಡದು. ಕೆಡಿಇ ಯೋಜನೆಗಳು ಇದನ್ನು ಬಹುಕಾಲದಿಂದ ಶ್ರದ್ಧೆಯಿಂದ ಮಾಡುತ್ತ ಬಂದಿವೆ.

ಇನ್ನು ಬರೆಯುವ ಕೆಲಸದ ಒಂದೆರಡು ವಿವರಗಳು. ಸಿಮೇಕ್ 2014ರಲ್ಲಿ ಹೊರತಂದ 3.0ರ ಆವೃತ್ತಿಯಿಂದ ತನ್ನ ಕೈಪಿಡಿಯನ್ನು ರೀಸ್ಟ್ರಕ್ಚರ್ಡ್ ಟೆಕ್ಸ್ಟ್ ಎಂಬ ಸರಳ ಪಠ್ಯ ರೂಪದಲ್ಲಿಟ್ಟು ಸ್ಫಿಂಕ್ಸ್ ಎಂಬ ದಾಖಲೆ ತಯಾರಿಸುವ ಪರಿಕರದ ಮೂಲಕ ಪ್ರಕಟಿಸುತ್ತದೆ, ಪ್ರತಿ ಹುಡುಕು ಮಾಡ್ಯೂಲ್‌ನ ದಾಖಲೆ ಆ ಮಾಡ್ಯೂಲ್ ಕಡತದ ತಲೆಯಲ್ಲೇ ಟಿಪ್ಪಣಿಯಾಗಿ ಇರುತ್ತದೆ. ಕೋಡನ್ನು ತಿದ್ದುವವರ ಕಣ್ಣಿಗೆ ದಾಖಲೆ ಬೀಳುವಂತೆ ಇಡುವ ಈ ಪದ್ಧತಿಯನ್ನು ನಮ್ಮ ಸ್ವಂತ ಮಾಡ್ಯೂಲ್‌ಗಳಲ್ಲೂ ಅನುಸರಿಸಬಹುದು. ಹೆಸರಿನ ದೊಡ್ಡಕ್ಷರ ಸಣ್ಣಕ್ಷರಗಳ ವ್ಯತ್ಯಾಸವನ್ನೂ ಬರೆಯಲೇಬೇಕು: ಜಿಲಿಬ್ ಹುಡುಕುವ ಮಾಡ್ಯೂಲ್‌ನ ಹೆಸರು ಪೂರ್ತಿ ದೊಡ್ಡಕ್ಷರಗಳಲ್ಲಿದೆ, ಲಿನಕ್ಸ್‌ನಲ್ಲಿ ಸಣ್ಣಕ್ಷರಗಳಲ್ಲಿ ಕೇಳಿದವರಿಗೆ ಆ ಮಾಡ್ಯೂಲ್ ಸಿಗುವುದಿಲ್ಲ. ವಿತರಣೆಗಳಲ್ಲಿ ಡೆವಲಪ್‌ಮೆಂಟ್ ಪ್ಯಾಕೇಜಿನ ಹೆಸರೂ ಬೇರೆ ಬೇರೆ. ಡೆಬಿಯನ್ ಮತ್ತು ಉಬುಂಟುಗಳಲ್ಲಿ ಕೊನೆಗೆ ಡೆವ್ ಎಂದಿದ್ದರೆ ಫೆಡೋರಾದಲ್ಲಿ ಡೆವೆಲ್ ಎಂದಿರುತ್ತದೆ.

ಗೊತ್ತಿಲ್ಲದ್ದನ್ನು, ನಿಶ್ಚಯವಿಲ್ಲದ್ದನ್ನು ಹಾಗೆಂದೇ ಬರೆಯುವ ಧೈರ್ಯವೂ ಬೇಕು. ಕೋರಿಕೆಗೆ ಹೊಂದುವ ಒಂದಕ್ಕಿಂತ ಹೆಚ್ಚು ಆವೃತ್ತಿಗಳು ಸಿಕ್ಕರೆ ಯಾವುದನ್ನು ಆರಿಸಲಾಗುತ್ತದೆಂಬುದು ನಿರ್ದಿಷ್ಟವಲ್ಲ, ವಿಂಗಡಣೆಯ ಕ್ರಮವನ್ನು ನೀವು ಸೂಚಿಸದ ಹೊರತು ಅತಿ ಹೊಸದನ್ನು ಆರಿಸುವ ಪ್ರಯತ್ನ ನಡೆಯುವುದಿಲ್ಲ ಎಂಬರ್ಥದ ಮಾತು ಸಿಮೇಕ್ ಕೈಪಿಡಿಯಲ್ಲಿ ಎಷ್ಟೋ ವರ್ಷ ಇತ್ತು. ಓದಿದಾಗ ನಿರಾಶೆಯಾಗುತ್ತದೆ, ಆದರೆ ಅದನ್ನು ಓದಿದವರು ಹೊಸದೇ ಸಿಗುತ್ತದೆಂದು ಊಹಿಸಿ ಮೋಸಹೋಗುವುದಿಲ್ಲ.

ನಮ್ಮ ತಂಡದ ಆ ಹಳೆಯ ಪುಟವನ್ನು ನಾವು ಆಮೇಲೆ ಹೊಸದಾಗಿ ಬರೆದೆವು. ಈಗ ಅದು ಹುಡುಕಾಟದ ಕ್ರಮದಿಂದ ಆರಂಭವಾಗುತ್ತದೆ, ಆ ಕ್ರಮ ಸಿಮೇಕ್‌ನ ಯಾವ ಆವೃತ್ತಿಯಲ್ಲಿ ಖಚಿತಪಡಿಸಿಕೊಂಡದ್ದು ಎಂಬುದು ಪಕ್ಕದಲ್ಲೇ ಇದೆ. ನಮ್ಮ ಬಿಲ್ಡ್ ಕೂಡ ಪ್ರತಿ ಪ್ಯಾಕೇಜು ಸಿಕ್ಕಾಗ ಅದರ ಆವೃತ್ತಿಯನ್ನೂ ಕಾನ್ಫಿಗ್ ಕಡತದ ಪೂರ್ಣ ವಿಳಾಸವನ್ನೂ ಮುದ್ರಿಸುತ್ತದೆ. 3.17ರಲ್ಲಿ ಬಂದ ಡೀಬಗ್ ಫೈಂಡ್ ಆಯ್ಕೆ ಸಿಮೇಕ್ ನೋಡಿದ ಪ್ರತಿಯೊಂದು ಜಾಗವನ್ನೂ ಸಾಲಾಗಿ ತೋರಿಸುತ್ತದೆ; ಹೊಸ ಯಂತ್ರ ಬಂದಾಗಲೆಲ್ಲ ಅದನ್ನು ಓಡಿಸಿ, ತೆರೆಯ ಮೇಲೆ ಬಂದ ಸಾಲುಗಳನ್ನು ನಮ್ಮ ಪುಟದ ಎದುರಿಗಿಟ್ಟು ಹೋಲಿಸುತ್ತೇವೆ. ಹೋಲಿಸುವ ಕೆಲಸವನ್ನು ಹೊಸದಾಗಿ ಸೇರಿದವರಿಗೇ ಒಪ್ಪಿಸುತ್ತೇವೆ, ಪುಟ ಮತ್ತು ಯಂತ್ರ ಎರಡೂ ಬೇರೆ ಬೇರೆ ಹೇಳಿದರೆ ತಿದ್ದಬೇಕಾದದ್ದು ಪುಟ ಎಂದು ಮೊದಲೇ ತಿಳಿಸಿರುತ್ತೇವೆ.